ಅಪ್ಪನ ರಕ್ತದಲ್ಲಿ ಲ್ಯಾಕ್ಟೇಟ್ 5.8, ತೂಗುಹಾಕಿರುವ ಬಾಟಲಿಯ ಮೇಲೂ ಲ್ಯಾಕ್ಟೇಟ್ ಅಂತಲೇ ಬರೆದಿದೆ. ಇದೇನಿದು?

ಕೆರೆಏರಿ ಓಟಗಾರ – ಬೆಳಿಗ್ಗೆ 11:10

ಎಲ್ಲರಿಗೂ ನಮಸ್ಕಾರ. ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಪ್ಪನಿಗೆ 67. ಹನ್ನೆರಡು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಮೂರು ದಿನದಿಂದ ಉರಿಮೂತ್ರ ಇತ್ತಂತೆ, ಮನೆಯಲ್ಲಿ ಯಾರಿಗೂ ಬಾಯಿ ಬಿಟ್ಟಿಲ್ಲ. ನಿನ್ನೆ ರಾತ್ರಿ ಚಳಿಜ್ವರ ಬಂದು, ಎರಡು ಕಂಬಳಿ ಹೊದಿಸಿದರೂ ಗಡಗಡ ನಡುಗುತ್ತಿದ್ದರು. ಎರಡು ಗಂಟೆಗೆ ಎದ್ದು ಕೂತು "ಬಸ್ಸು ಬಂತಾ?" ಅಂತ ಕೇಳಿದರು. ಆಗ ಜೀವ ಝಲ್ ಅಂತು, ಹೊತ್ತುಕೊಂಡು ಬಂದೆವು. ಬಿಪಿ 80/50 ಇತ್ತು. ಮೂತ್ರದ ಸೋಂಕು ರಕ್ತಕ್ಕೆ ಹತ್ತಿದೆ, ಸೆಪ್ಸಿಸ್, ಲ್ಯಾಕ್ಟೇಟ್ 5.8 ಇದೆ, ನೋಡೋಣ ಅಂದರು. ಆ "ನೋಡೋಣ" ಕೇಳಿದ ಮೇಲೆ ನಿದ್ದೆ ಎಲ್ಲಿ ಬರುತ್ತದೆ ಹೇಳಿ.

ಬೆಳಿಗ್ಗೆ ಒಂಬತ್ತಕ್ಕೆ ಐಸಿಯು ಮಿಷನ್ನಿನಲ್ಲಿ 4.9 ಬಂದಿದೆ ಅಂದರು. ಸ್ವಲ್ಪ ಸಮಾಧಾನ ಆಯಿತು ಅನ್ನುವಷ್ಟರಲ್ಲಿ ಕೆಳಗಿನ ಲ್ಯಾಬಿನಿಂದ ಕೈಗೆ ಬಂದ ಕಾಗದದಲ್ಲಿ ಲ್ಯಾಕ್ಟೇಟ್ 44 ಅಂತಿದೆ! ಕೇಳೋಣ ಅಂದರೆ ಡ್ಯೂಟಿ ಬದಲಾಗಿ ಯಾರೂ ಸರಿಯಾಗಿ ಸಿಗುತ್ತಿಲ್ಲ. ಇನ್ನೊಂದು, ಗಾಜಿನ ಬಾಗಿಲಿನಿಂದ ಬಗ್ಗಿ ನೋಡಿದರೆ ಅಪ್ಪನ ತಲೆಯ ಹತ್ತಿರ ತೂಗುತ್ತಿರುವ ಬಾಟಲಿಯ ಮೇಲೆ ರಿಂಗರ್ ಲ್ಯಾಕ್ಟೇಟ್ ಅಂತ ದಪ್ಪಕ್ಷರದಲ್ಲಿ ಬರೆದಿದೆ. ಲ್ಯಾಕ್ಟೇಟ್ ಜಾಸ್ತಿಯಾಗಿರುವವರಿಗೆ ಮತ್ತೆ ಲ್ಯಾಕ್ಟೇಟನ್ನೇ ಏರಿಸುತ್ತಾರಾ? ಯಾರನ್ನಾದರೂ ಹಿಡಿದು ಜಗಳ ಆಡಬೇಕಾ, ಸುಮ್ನೆ ಇರಬೇಕಾ?

ನಾನು ಭಾನುವಾರ ಭಾನುವಾರ ಕುಕ್ಕರಹಳ್ಳಿ ಕೆರೆ ಸುತ್ತ ಓಡುವವನು. ನಮ್ಮ ಗುಂಪಿನಲ್ಲಿ ಕಾಲು ಹಿಡಿದುಕೊಂಡರೆ "ಲ್ಯಾಕ್ಟಿಕ್ ಆಸಿಡ್ ತುಂಬಿದೆ, ಮಸಾಜ್ ಮಾಡಿಸು" ಅನ್ನುತ್ತಾರೆ. ಅದೇನಾ ಇದು? ಓಡುವವನ ಕಾಲಿನಲ್ಲಿ ಇರುವುದು, ಮಲಗಿರುವ ಅಪ್ಪನ ರಕ್ತಕ್ಕೆ ಯಾಕೆ ಬಂತು?


ರಾತ್ರಿಪಾಳಿ – ಬೆಳಿಗ್ಗೆ 11:52

ಜಗಳ ಬೇಡ ಅಣ್ಣ, ಬಾಟಲಿ ಸರಿಯಾಗಿಯೇ ಇದೆ. ನಾನು ಅರಿವಳಿಕೆ ಡಾಕ್ಟರ್, ಐಸಿಯುನಲ್ಲೇ ಕೆಲಸ. ಈ ಪ್ರಶ್ನೆಯನ್ನು ನನಗೆ ಮನೆಯವರು ಮಾತ್ರ ಅಲ್ಲ, ಹೊಸದಾಗಿ ಬಂದ ಜೂನಿಯರ್‌ಗಳೂ ಕೇಳುತ್ತಾರೆ.

ಆ ಬಾಟಲಿಯಲ್ಲಿರುವುದು ಲ್ಯಾಕ್ಟಿಕ್ ಆಮ್ಲ ಅಲ್ಲ, ಸೋಡಿಯಂ ಲ್ಯಾಕ್ಟೇಟ್. ಆಮ್ಲಕ್ಕೆ ಹುಳಿ ಕೊಡುವುದು ಹೈಡ್ರೋಜನ್ ಅಯಾನು, ಇಲ್ಲಿ ಅದರ ಜಾಗದಲ್ಲಿ ಸೋಡಿಯಂ ಕೂತಿದೆ. ಲಿವರ್ ಈ ಲ್ಯಾಕ್ಟೇಟನ್ನು ಉರಿಸುವಾಗಲೂ ಗ್ಲೂಕೋಸ್ ಮಾಡುವಾಗಲೂ ಮೈಯಲ್ಲಿದ್ದ ಹೈಡ್ರೋಜನ್ ಅಯಾನನ್ನು ಜೊತೆಗೆ ಎಳೆದುಕೊಳ್ಳುತ್ತದೆ, ಕೊನೆಗೆ ಉಳಿಯುವುದು ಹುಳಿ ತಗ್ಗಿಸುವ ಬೈಕಾರ್ಬೊನೇಟ್. ಅಂದರೆ ಹುಳಿ ಏರುವುದಿಲ್ಲ, ಇಳಿಯುತ್ತದೆ. 1932ರ ಸುಮಾರಿಗೆ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ರಿಂಗರ್ ಅನ್ನುವ ಉಪ್ಪುನೀರಿನ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದ್ದೇ ಮೈಯಲ್ಲಿ ಆಮ್ಲ ಏರಿ ನರಳುವ ಮಕ್ಕಳಿಗೆ ಆಗಲಿ ಅಂತ.

ಲೆಕ್ಕವನ್ನೂ ನೋಡಿ. ಒಂದು ಲೀಟರ್ ಆರ್‌ಎಲ್‌ನಲ್ಲಿ, ಅಂದರೆ ರಿಂಗರ್ ಲ್ಯಾಕ್ಟೇಟ್‌ನಲ್ಲಿ, 28 ಮಿಲಿಮೋಲ್ ಲ್ಯಾಕ್ಟೇಟ್, ಅರ್ಧ ಲೀಟರ್ ಬಾಟಲಿಯಲ್ಲಿ 14. ಆರಾಮಾಗಿ ಕೂತು ಪೇಪರ್ ಓದುತ್ತಿರುವ 70 ಕೆಜಿ ತೂಕದ ಮನುಷ್ಯನ ಮೈ ದಿನಕ್ಕೆ ಸುಮಾರು 1300ರಿಂದ 1500 ಮಿಲಿಮೋಲ್ ಲ್ಯಾಕ್ಟೇಟ್ ತಾನೇ ತಯಾರಿಸುತ್ತದೆ. ಗಂಟೆಗೆ 60ರ ಹತ್ತಿರ. ಬಾಟಲಿಯಲ್ಲಿರುವುದು ನಮ್ಮ ಮೈಯ ಕಾಲು ಗಂಟೆಯ ಸ್ವಂತ ತಯಾರಿ, ಅಷ್ಟೇ. ಲಿವರ್ ಪೂರ್ತಿ ಕೈಕೊಟ್ಟಿದ್ದರೆ ಮಾತ್ರ ನಾವು ಬೇರೆ ದ್ರಾವಣ ಹುಡುಕುತ್ತೇವೆ.

ದಿನಕ್ಕೆ ಅಷ್ಟು ತಯಾರಾದರೂ ರಕ್ತದಲ್ಲಿ ಲೀಟರಿಗೆ ಒಂದು ಮಿಲಿಮೋಲ್ ಆಸುಪಾಸು ಮಾತ್ರ ಯಾಕಿರುತ್ತದೆ? ಆಗಿದ್ದೆಲ್ಲ ಆಗಿಂದಾಗಲೇ ಖರ್ಚಾಗುತ್ತದೆ. ದರ್ಶಿನಿಯ ಕಾಫಿ ಲೋಟ ನೆನಪಿಸಿಕೊಳ್ಳಿ. ಗಿರಾಕಿ ಕುಡಿದು ಇಡುತ್ತಾನೆ, ಒಳಗೆ ತೊಳೆದು ಮತ್ತೆ ಕೌಂಟರಿಗೆ ಕಳಿಸುತ್ತಾರೆ. ಟೇಬಲ್ ಮೇಲೆ ಎಂಜಲು ಲೋಟ ರಾಶಿ ಬಿದ್ದಿದೆ ಅಂದರೆ ಗಿರಾಕಿ ಜಾಸ್ತಿಯಾಗಿರಬಹುದು, ತೊಳೆಯುವ ಹುಡುಗ ರಜೆ ಹಾಕಿರಬಹುದು, ಇಲ್ಲ ಎರಡೂ ಒಟ್ಟಿಗೇ ಆಗಿರಬಹುದು. ರಾಶಿಯನ್ನು ನೋಡಿದರೆ ಯಾವುದು ಅಂತ ಗೊತ್ತಾಗಲ್ಲ. 5.8 ಅನ್ನುವುದು ಆ ರಾಶಿ. ತೊಳೆಯುವ ಕೆಲಸದಲ್ಲಿ ಲಿವರ್‌ನದೇ ದೊಡ್ಡ ಪಾಲು, ಹೆಚ್ಚುಕಡಿಮೆ ಅರವತ್ತೆಪ್ಪತ್ತು ಭಾಗ. ಉಳಿದದ್ದರಲ್ಲಿ ಕಿಡ್ನಿಗೆ ಒಳ್ಳೆಯ ಪಾಲು, ಆಮೇಲೆ ಸ್ನಾಯು ಮತ್ತು ಹೃದಯ. ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಚೆಲ್ಲುತ್ತದೆ ಅಂದುಕೊಳ್ಳಬೇಡಿ, ಅದೂ ಗ್ಲೂಕೋಸನ್ನೇ ಮಾಡುತ್ತದೆ.

ಸೆಪ್ಸಿಸ್‌ನಲ್ಲಿ ಏನಾಗುತ್ತದೆ? ನಾನು ಓದುವಾಗ ಹೇಳಿಕೊಟ್ಟದ್ದು ಇಷ್ಟೇ: ಬಿಪಿ ಬಿತ್ತು, ಅಂಗಗಳಿಗೆ ಆಮ್ಲಜನಕ ತಲುಪಲಿಲ್ಲ, ಲ್ಯಾಕ್ಟೇಟ್ ಏರಿತು. ಅದು ಸುಳ್ಳಲ್ಲ, ಆದರೆ ಅರ್ಧ ಕಥೆ. ಮೈ ಅಪಾಯ ಅಂತ ಕೂಗಿಕೊಂಡಾಗ ಅಡ್ರಿನಲಿನ್ ಧಾರೆಯಾಗಿ ಸುರಿಯುತ್ತದೆ. ಅದು ಸ್ನಾಯುವಿನ ಜೀವಕೋಶಗಳಿಗೆ "ಸಕ್ಕರೆ ಬೇಗ ಬೇಗ ಒಡೆಯಿರಿ" ಅಂತ ಅವಸರ ಮಾಡುತ್ತದೆ. ಆಮ್ಲಜನಕ ಸಾಕಷ್ಟಿದ್ದರೂ ಸಕ್ಕರೆ ಒಡೆಯುವ ವೇಗಕ್ಕೆ ಮುಂದಿನ ಮೆಟ್ಟಿಲು ಸಾಥ್ ಕೊಡುವುದಿಲ್ಲ, ಲ್ಯಾಕ್ಟೇಟ್ ಸುರಿಯುತ್ತದೆ. ಅದೇ ಹೊತ್ತಿಗೆ ಲಿವರ್ ತೊಳೆಯುವ ವೇಗವೂ ಇಳಿದಿರುತ್ತದೆ. ಉಬ್ಬಸದವರಿಗೆ ಸಾಲ್ಬುಟಮಾಲ್ ನೆಬುಲೈಸರ್ ಮೇಲಿಂದ ಮೇಲೆ ಕೊಟ್ಟಾಗ, ಉಸಿರಾಟ ಸುಧಾರಿಸುತ್ತಿದ್ದರೂ ಲ್ಯಾಕ್ಟೇಟ್ ಏರುವುದು ಇದೇ ದಾರಿಯಲ್ಲಿ. ಫಿಟ್ಸ್ ಬಂದವರಲ್ಲೂ ಏರುತ್ತದೆ, ಫಿಟ್ಸ್ ನಿಂತು ಒಂದೆರಡು ಗಂಟೆಯಲ್ಲಿ ತಾನೇ ಇಳಿಯುತ್ತದೆ.

ಹಾಗಾಗಿ ಲ್ಯಾಕ್ಟೇಟ್ ಅಪ್ಪನಿಗೆ ಹತ್ತಿದ ವಿಷ ಅಲ್ಲ, ಒಳಗೆ ಎಷ್ಟು ಗಲಾಟೆ ನಡೆಯುತ್ತಿದೆ ಅನ್ನುವುದರ ಗುರುತು. ಗುರುತು ಜೋರಾಗಿಯೇ ಇದೆ, ಮುಚ್ಚಿಡಲ್ಲ. 4ಕ್ಕಿಂತ ಮೇಲಿದ್ದರೆ ನಾವೂ ಕುರ್ಚಿ ಬಿಟ್ಟು ಏಳುತ್ತೇವೆ. ಆಂಟಿಬಯಾಟಿಕ್ ಯಾವಾಗ ಶುರುವಾಯಿತು, ಮೂತ್ರದ ದಾರಿಯಲ್ಲಿ ಕಲ್ಲು ಗಿಲ್ಲು ಅಡ್ಡ ಇದೆಯಾ ಅಂತ ಸ್ಕ್ಯಾನ್ ಆಯಿತಾ, ಈ ಎರಡು ಕೇಳಿ. ಬಾಟಲಿಗಿಂತ ಅವು ಮುಖ್ಯ.


ಕೆರೆಏರಿ ಓಟಗಾರ – ಮಧ್ಯಾಹ್ನ 12:05

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಆಂಟಿಬಯಾಟಿಕ್ ಬಂದ ಒಂದು ಗಂಟೆಯೊಳಗೇ ಹಾಕಿದರು. ಸ್ಕ್ಯಾನ್ ಆಗಿದೆ, ಕಲ್ಲು ಇಲ್ಲ ಅಂದರು. ಬಿಪಿಗೆ ನಾರ್‌ಅಡ್ರಿನಲಿನ್ ಸಣ್ಣಗೆ ಹೋಗುತ್ತಿದೆ. ಆದರೆ ಆ 44?


ಬೂದು ಮುಚ್ಚಳ – ಮಧ್ಯಾಹ್ನ 12:20

ಆ 44 ನಮ್ಮ ಲ್ಯಾಬಿನವರ ಜಾತಿಯ ತಪ್ಪು, ಕ್ಷಮಿಸಿ. ತಪ್ಪು ಅಂದರೆ ಲೆಕ್ಕದ್ದಲ್ಲ, ಬಿಡಿಸಿ ಹೇಳದೆ ಇದ್ದದ್ದು.

ಕಾಗದದ ಬಲಗಡೆ ಸಣ್ಣಕ್ಷರ ನೋಡಿ. ಮಿಲಿಗ್ರಾಂ, ಪ್ರತಿ ಡೆಸಿಲೀಟರ್ ಅಂತ ಇರಬೇಕು. ಐಸಿಯು ಮಿಷನ್ ಕೊಡುವುದು ಮಿಲಿಮೋಲ್, ಪ್ರತಿ ಲೀಟರ್. ಲೀಟರಿಗೆ ಒಂದು ಮಿಲಿಮೋಲ್ ಅಂದರೆ ಡೆಸಿಲೀಟರಿಗೆ ಹೆಚ್ಚುಕಡಿಮೆ 9 ಮಿಲಿಗ್ರಾಂ. 4.9 ಅನ್ನು 9ರಿಂದ ಗುಣಿಸಿ, 44 ಬಂತಾ? ಎರಡೂ ಒಂದೇ ರಕ್ತ, ಒಂದೇ ಮಾತು.

ನಿಮ್ಮ ಅದೃಷ್ಟಕ್ಕೆ ಎರಡೂ ಹೊಂದಿಕೊಂಡವು. ಎಷ್ಟೋ ಸಲ ಹೊಂದುವುದಿಲ್ಲ. ಕೆಂಪು ರಕ್ತಕಣಕ್ಕೆ ಮೈಟೊಕಾಂಡ್ರಿಯಾ, ಅಂದರೆ ಆಮ್ಲಜನಕ ಬಳಸಿ ಉರಿಸುವ ಜೀವಕೋಶದ ಒಲೆ, ಇಲ್ಲ, ಸಕ್ಕರೆಯಿಂದ ಲ್ಯಾಕ್ಟೇಟ್ ಮಾಡಿಯೇ ಅದು ಜೀವ ಹಿಡಿಯಬೇಕು. ಟ್ಯೂಬಿಗೆ ಹಾಕಿದ ಮೇಲೂ ಅದು ಬದುಕೇ ಇರುತ್ತದೆ ಅಲ್ವಾ? ಅಲ್ಲೂ ಸಕ್ಕರೆ ತಿನ್ನುತ್ತದೆ, ಲ್ಯಾಕ್ಟೇಟ್ ಬಿಡುತ್ತದೆ. ಅದಕ್ಕೇ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬು, ಐಸಿನ ಡಬ್ಬಿ, ಬೇಗ ತಂದುಕೊಡಿ ಅನ್ನುವ ನಮ್ಮ ಗೊಣಗಾಟ. ನಾನು ಹಿಂದೆ ಇದ್ದ ಒಂದು ಕಡೆ ವಾರ್ಡಿನ ಟ್ರೇ ಮೇಲೆ ಸಾದಾ ಟ್ಯೂಬಿನಲ್ಲಿ ಒಂದೂವರೆ ಗಂಟೆ ಬಿದ್ದಿದ್ದ ರಕ್ತ ಬಂತು, ರಿಸಲ್ಟ್ 3ರ ಮೇಲೆ. ಪೇಷಂಟ್ ಹಾಸಿಗೆಯಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ. ಮತ್ತೆ ತೆಗೆಸಿ ಐಸಿನಲ್ಲಿ ತರಿಸಿದೆವು, 1.2.

ಕೈ ಮುಷ್ಟಿ ಬಿಗಿ ಹಿಡಿದು ಬಿಟ್ಟು ಮಾಡಿಸಿ ರಕ್ತ ತೆಗೆದರೂ ಸ್ವಲ್ಪ ಏರುತ್ತದೆ. ಇದು ಚಿಕ್ಕ ವಿಷಯ, ಆದರೆ 1.8 ಮತ್ತು 2.3ರ ನಡುವೆ ಮನೆಯವರು ಅಳುವುದನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.


ನಿವೃತ್ತ ಮೇಷ್ಟ್ರು – ಮಧ್ಯಾಹ್ನ 1:45

ಮೊದಲು, ತಂದೆಯವರು ಬೇಗ ಹುಷಾರಾಗಲಿ.

ಮೂವತ್ತು ವರ್ಷ ಬಯೋಕೆಮಿಸ್ಟ್ರಿ ಪಾಠ ಮಾಡಿದವನು ನಾನು, ಅದರಲ್ಲಿ ಮೊದಲ ಹತ್ತು ವರ್ಷ ಈ ಲ್ಯಾಕ್ಟೇಟ್ ಬಗ್ಗೆ ತಪ್ಪೇ ಹೇಳಿಕೊಟ್ಟಿದ್ದೇನೆ. "ಆಮ್ಲಜನಕ ಇಲ್ಲದಾಗ ಹುಟ್ಟುವ ಕಸ" ಅಂತ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಬೇರೆ ಎಳೆಯುತ್ತಿದ್ದೆ.

ಈ ತಪ್ಪು ಎಲ್ಲಿಂದ ಬಂತು ಅನ್ನುವುದು ಸ್ವಾರಸ್ಯವಾಗಿದೆ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಹುಳಿ ಹಾಲಿನಿಂದ ಈ ಆಮ್ಲವನ್ನು ಬೇರ್ಪಡಿಸಿದ. ಹೆಸರಿನಲ್ಲಿ ಹಾಲು (ಲ್ಯಾಟಿನ್‌ನಲ್ಲಿ ಲ್ಯಾಕ್) ಸೇರಿಕೊಂಡದ್ದು ಹಾಗೆ, ನಮ್ಮ ಮೊಸರಿನ ಹುಳಿಯೂ ಇದೇ. 1807ರ ಹೊತ್ತಿಗೆ ಬರ್ಜೀಲಿಯಸ್ ಅದನ್ನು ಮಾಂಸಖಂಡದಲ್ಲೂ ಕಂಡ. 1843ರಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಯೋಹಾನ್ ಶೆರರ್ ಬಾಣಂತಿ ಜ್ವರದಿಂದ ಸತ್ತ ಹೆಂಗಸರ ರಕ್ತದಲ್ಲಿ ಅದನ್ನು ಗುರುತಿಸಿದ. ಬಾಣಂತಿ ಜ್ವರ ಅಂದರೆ ಸೋಂಕು ರಕ್ತಕ್ಕೆ ಏರಿದ್ದೇ, ಇವತ್ತಿನ ಮಾತಿನಲ್ಲಿ ಸೆಪ್ಸಿಸ್. ನಿಮ್ಮ ತಂದೆಯವರ ರಿಪೋರ್ಟಿಗೆ 180 ವರ್ಷದ ಹಿರಿಯಣ್ಣ ಇದ್ದಾನೆ ನೋಡಿ. ಆಮೇಲೆ 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್, ದೇಹದಿಂದ ಕತ್ತರಿಸಿ ತೆಗೆದ ಕಪ್ಪೆಯ ಕಾಲನ್ನು ಆಮ್ಲಜನಕ ಇಲ್ಲದೆ ಸುಸ್ತಾಗುವವರೆಗೆ ಕುಣಿಸಿದಾಗ ಲ್ಯಾಕ್ಟೇಟ್ ತುಂಬಿಕೊಂಡಿತು, ಆಮ್ಲಜನಕ ಕೊಟ್ಟಾಗ ಕರಗಿತು. ಪ್ರಯೋಗ ಚೆನ್ನಾಗಿಯೇ ಇತ್ತು. ಆದರೆ ಕತ್ತರಿಸಿದ ಕಾಲಿಗೆ ರಕ್ತ ಇಲ್ಲ, ಲಿವರ್ ಇಲ್ಲ, ಹೃದಯ ಇಲ್ಲ. ಲೋಟ ಹೊರಗೆ ಹೋಗುವ ಬಾಗಿಲನ್ನೇ ಮುಚ್ಚಿ, ಲೋಟ ರಾಶಿ ಬಿತ್ತು ಅಂದ ಹಾಗಾಯಿತು. ಸುಸ್ತು ಮತ್ತು ಲ್ಯಾಕ್ಟೇಟ್ ಒಟ್ಟಿಗೆ ಕಂಡವು, ಜನ ಒಂದನ್ನು ಇನ್ನೊಂದಕ್ಕೆ ಕಾರಣ ಮಾಡಿಬಿಟ್ಟರು.

ಒಳಗೆ ನಡೆಯುವುದು ಇದು. ಗ್ಲೂಕೋಸ್ ಒಡೆದು ಎರಡು ಪೈರುವೇಟ್ ಆಗುತ್ತದೆ, ಕೈಗೆ ನಿವ್ವಳ 2 ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ, ಸಿಗುತ್ತದೆ. ಒಡೆಯುವ ಕೆಲಸಕ್ಕೆ ಎನ್‌ಎಡಿ ಅನ್ನುವ ಕೂಲಿಯಾಳು ಬೇಕು. ಅವನು ಹೊರೆ ಹೊತ್ತುಕೊಂಡು ಎನ್‌ಎಡಿಎಚ್ ಆಗಿ ನಿಂತರೆ ಮುಂದಿನ ಗ್ಲೂಕೋಸಿಗೆ ಆಳಿಲ್ಲ. ಪೈರುವೇಟ್ ಆ ಹೊರೆಯನ್ನು ಇಳಿಸಿಕೊಂಡು ತಾನು ಲ್ಯಾಕ್ಟೇಟ್ ಆಗುತ್ತದೆ, ಆಳು ಖಾಲಿ ಕೈಯಲ್ಲಿ ವಾಪಸ್ ಓಡುತ್ತಾನೆ. ಹಾಗಾಗಿ ಕೆಲಸ ನಿಲ್ಲಬಾರದು ಅಂತಲೇ ಲ್ಯಾಕ್ಟೇಟ್ ಹುಟ್ಟುವುದು. ಮಜಾ ಏನೆಂದರೆ ಈ ಕೊನೆಯ ಹೆಜ್ಜೆಯಲ್ಲಿ ಒಂದು ಹೈಡ್ರೋಜನ್ ಅಯಾನು ಖರ್ಚಾಗುತ್ತದೆ. ಹುಳಿ ಆಗುವುದು ಎಟಿಪಿ ಉರಿದು ಹೋಗುವ ಕಡೆಯಿಂದ, ಲ್ಯಾಕ್ಟೇಟ್ ಅದರ ಪಕ್ಕದಲ್ಲಿ ನಿಂತು ಬೈಸಿಕೊಳ್ಳುತ್ತದೆ. (ಈ ವಿಷಯದಲ್ಲಿ ರಸಾಯನಶಾಸ್ತ್ರದವರಲ್ಲಿ ಇನ್ನೂ ವಾದ ಇದೆ, ಇಲ್ಲಿ ಶುರು ಮಾಡಬೇಡಿ, ನನ್ನ ಬಿಪಿ ಏರುತ್ತದೆ.)

ಹುಟ್ಟಿದ ಲ್ಯಾಕ್ಟೇಟ್ ರಕ್ತ ಹಿಡಿದು ಲಿವರ್‌ಗೆ ಹೋಗುತ್ತದೆ, ಅಲ್ಲಿ ಮತ್ತೆ ಗ್ಲೂಕೋಸ್ ಆಗುತ್ತದೆ, ಆ ಗ್ಲೂಕೋಸ್ ಮತ್ತೆ ಸ್ನಾಯುವಿಗೆ. ಗರ್ಟಿ ಮತ್ತು ಕಾರ್ಲ್ ಕೋರಿ ಗಂಡ ಹೆಂಡತಿ ಇದನ್ನು 1929ರಲ್ಲಿ ವಿವರಿಸಿದರು, ಕೋರಿ ಚಕ್ರ ಅಂತಲೇ ಹೆಸರು. ಸ್ನಾಯು ಗಳಿಸಿದ್ದು 2 ಎಟಿಪಿ, ಲಿವರ್ ಖರ್ಚು ಮಾಡುವುದು 6. ನಷ್ಟದ ವ್ಯಾಪಾರ, ಆದರೆ ಅವಸರಕ್ಕೆ ಕೈಗಡ ಸಿಕ್ಕ ಹಾಗೆ. ಇನ್ನು ಎಲ್ಲ ಲ್ಯಾಕ್ಟೇಟೂ ಲಿವರ್‌ಗೇ ಹೋಗಬೇಕು ಅಂತೇನಿಲ್ಲ. 1980ರ ದಶಕದಲ್ಲಿ ಬರ್ಕ್ಲಿಯ ಜಾರ್ಜ್ ಬ್ರೂಕ್ಸ್ ಹೇಳಿದ್ದು ಇದನ್ನೇ: ಒಂದು ಸ್ನಾಯು ಬಿಟ್ಟ ಲ್ಯಾಕ್ಟೇಟನ್ನು ಪಕ್ಕದ ಸ್ನಾಯು ಉರಿಸುತ್ತದೆ, ಹೃದಯ ಖುಷಿಯಾಗಿ ಉರಿಸುತ್ತದೆ, ಮಿದುಳೂ ಉರಿಸುತ್ತದೆ. ಕಂಬಳದಲ್ಲಿ ಕೋಣದ ಹಿಂದೆ ಓಡಿ ಬಂದು ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ಏದುಸಿರು ಬಿಡುವವನನ್ನು ನೋಡಿದ್ದೀರಲ್ಲ, ಅವನ ತೊಡೆ ಬಿಟ್ಟ ಲ್ಯಾಕ್ಟೇಟ್ ಆ ಹೊತ್ತಿಗೆ ಅವನ ಎದೆಯಲ್ಲೇ ಸೌದೆಯಾಗಿ ಉರಿಯುತ್ತಿರುತ್ತದೆ.


ಹಾಫ್ ಮ್ಯಾರಥಾನ್ ಹನುಮ – ಮಧ್ಯಾಹ್ನ 2:02

ಮೇಷ್ಟ್ರೇ, ಎಲ್ಲ ಸರಿ, ಆದರೆ ಕಾಲು ಉರಿಯುವುದು ಸುಳ್ಳಾ? ಸ್ಪ್ರಿಂಟ್ ಹೊಡೆದರೆ ತೊಡೆಗೆ ಬೆಂಕಿ ಇಟ್ಟ ಹಾಗಾಗುತ್ತದೆ. ಮಾರನೇ ದಿನ ಮೆಟ್ಟಿಲು ಇಳಿಯಲು ಆಗಲ್ಲ. ಅದು ಲ್ಯಾಕ್ಟಿಕ್ ಆಸಿಡ್ ಅಲ್ಲದೆ ಮತ್ತೇನು?


ನಿವೃತ್ತ ಮೇಷ್ಟ್ರು – ಮಧ್ಯಾಹ್ನ 2:30

ಎರಡು ಬೇರೆ ನೋವನ್ನು ಒಂದೇ ಚೀಲಕ್ಕೆ ಹಾಕಿದೆಯಪ್ಪ.

ಓಡುವಾಗಿನ ಉರಿಗೆ ಹೈಡ್ರೋಜನ್ ಅಯಾನು, ಫಾಸ್ಫೇಟ್ ಎಲ್ಲ ಸೇರಿಕೊಂಡಿರುತ್ತವೆ, ಲ್ಯಾಕ್ಟೇಟೂ ಗುಂಪಿನಲ್ಲಿ ಇರುತ್ತದೆ, ಇಲ್ಲ ಅನ್ನಲ್ಲ. ಜೀವ ಬಿಟ್ಟು ಓಡಿದ 400 ಮೀಟರ್ ಓಟಗಾರನ ರಕ್ತದಲ್ಲಿ 20 ಮಿಲಿಮೋಲ್ ಕಂಡರೂ ಆಶ್ಚರ್ಯ ಇಲ್ಲ. ಐಸಿಯು ಡಾಕ್ಟ್ರಿಗೆ ಆ ಅಂಕಿ ತೋರಿಸಿದರೆ ಕುರ್ಚಿಯಿಂದ ಬೀಳುತ್ತಾರೆ. ಅವನು ಮಾತ್ರ ಹತ್ತು ನಿಮಿಷಕ್ಕೆ ಎಳನೀರು ಕುಡಿಯುತ್ತಾ ಹರಟೆ ಹೊಡೆಯುತ್ತಿರುತ್ತಾನೆ, ಒಂದು ಗಂಟೆ ಸುಮಾರಿಗೆ ಅಂಕಿ ಮೊದಲಿನ ಜಾಗಕ್ಕೆ ಬಂದಿರುತ್ತದೆ. ತಟ್ಟನೆ ಕೂರದೆ ನಿಧಾನಕ್ಕೆ ಜಾಗ್ ಮಾಡಿದರೆ ಇನ್ನೂ ಬೇಗ, ಯಾಕೆಂದರೆ ಕೆಲಸ ಮಾಡುವ ಸ್ನಾಯುವೇ ಅದನ್ನು ಉರಿಸುವುದು.

ಅಂದಮೇಲೆ ಮಾರನೇ ದಿನದ ನೋವಿಗೆ ಅದು ಹೇಗೆ ಹೊಣೆಯಾಗುತ್ತದೆ, ಅದು ಊರು ಬಿಟ್ಟು ಹೋಗಿ ಎಷ್ಟೋ ಹೊತ್ತಾಯಿತು! ಚಾಮುಂಡಿ ಬೆಟ್ಟದ ಮೆಟ್ಟಿಲನ್ನೇ ತೆಗೆದುಕೋ. ಏದುಸಿರು ಬರುವುದು, ಲ್ಯಾಕ್ಟೇಟ್ ಏರುವುದು ಹತ್ತುವಾಗ. ತೊಡೆ ಹಿಡಿದುಕೊಳ್ಳುವುದು ಇಳಿದವರಿಗೆ. ಹತ್ತಿ ಹೋಗಿ ಬಸ್ಸಿನಲ್ಲಿ ಇಳಿದವರನ್ನೂ, ಬಸ್ಸಿನಲ್ಲಿ ಹೋಗಿ ಮೆಟ್ಟಿಲು ಇಳಿದವರನ್ನೂ ಮಾರನೇ ದಿನ ವಿಚಾರಿಸು. ಇಳಿಯುವಾಗ ಸ್ನಾಯು ಎಳೆಸಿಕೊಳ್ಳುತ್ತಲೇ ಬಿಗಿ ಹಿಡಿಯಬೇಕು, ಅದರಲ್ಲಿ ಎಳೆಗಳು ಸಣ್ಣಗೆ ಹರಿಯುತ್ತವೆ, ಆಮೇಲೆ ಊತ. ಒಂದು ದಿನ ಬಿಟ್ಟು ಶುರುವಾಗಿ ಮೂರು ದಿನ ಕಾಡುವುದು ಅದೇ. ಮಸಾಜ್ ಮಾಡಿಸಿಕೋ, ಹಿತವಾಗುತ್ತದೆ. ಹಿಂಡಿ ಹೊರಹಾಕಲು ಅಲ್ಲಿ ಲ್ಯಾಕ್ಟಿಕ್ ಆಮ್ಲ ಇಲ್ಲ, ಅಷ್ಟೇ.


ಬೆಣ್ಣೆನಗರಿ ಮಗಳು – ಮಧ್ಯಾಹ್ನ 3:15

ಡಾಕ್ಟ್ರೇ, ಅಪ್ಪನಿಗೆ ಮೆಟ್‌ಫಾರ್ಮಿನ್ ಅಂತ ಓದಿ ಕೇಳುತ್ತಿದ್ದೇನೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಮೆಟ್‌ಫಾರ್ಮಿನ್ ತಿಂದರೆ ಲ್ಯಾಕ್ಟಿಕ್ ಆಸಿಡ್ ಏರಿ ಕಿಡ್ನಿ ಹೋಗುತ್ತದೆ ಅಂತ ಹಾಕಿದ್ದರು. ಅಮ್ಮ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿ ಮೆಂತ್ಯದ ನೀರು ಹಿಡಿದರು. ಎರಡು ತಿಂಗಳಿಗೆ ಶುಗರ್ 380. ಈಗ ಮತ್ತೆ ಶುರು ಮಾಡಿಸಿದ್ದೇವೆ, ಆದರೆ ದಿನಾ ರಾತ್ರಿ ಮಾತ್ರೆ ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಾರೆ. ಸತ್ಯ ಏನು?


ರಾತ್ರಿಪಾಳಿ – ಸಂಜೆ 4:40

ಅಮ್ಮನಿಗೆ ಹೇಳಿ, ಆ ಮೆಸೇಜಿನಲ್ಲಿ ಕಾರಣ ಮತ್ತು ಪರಿಣಾಮ ಅದಲುಬದಲಾಗಿವೆ. ಮೆಟ್‌ಫಾರ್ಮಿನ್‌ನಿಂದ ಕಿಡ್ನಿ ಹೋಗುವುದಿಲ್ಲ. ಕಿಡ್ನಿ ಮೊದಲೇ ಸೋತಿದ್ದರೆ ಮೆಟ್‌ಫಾರ್ಮಿನ್ ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತದೆ. ಹೊರಹೋಗಲು ಅದಕ್ಕೆ ಬೇರೆ ದಾರಿಯೇ ಇಲ್ಲ. ಹಾಗೆ ಉಳಿದದ್ದು ಮೈಟೊಕಾಂಡ್ರಿಯಾದ ಕೆಲಸ ತಡೆದು, ಲಿವರ್ ಲ್ಯಾಕ್ಟೇಟನ್ನು ಗ್ಲೂಕೋಸ್ ಮಾಡುವುದನ್ನೂ ತಡೆಯುತ್ತದೆ. ಸಕ್ಕರೆ ಇಳಿಸುವ ಅದರ ಗುಣವೂ, ಅತಿಯಾದರೆ ಲ್ಯಾಕ್ಟೇಟ್ ಏರಿಸುವ ಅವಗುಣವೂ ಒಂದೇ ಬೇರಿನಿಂದ ಬಂದವು. ಕೆಟ್ಟ ಹೆಸರಿನ ಬಹುಪಾಲು ಅದರ ಅಕ್ಕ ಫೆನ್‌ಫಾರ್ಮಿನ್‌ನದು. ಅದು ನಿಜಕ್ಕೂ ಜನರನ್ನು ಕೊಂದಿತು, ಅಮೆರಿಕದಲ್ಲಿ 1977ರಲ್ಲೇ ಅದನ್ನು ಮಾರುಕಟ್ಟೆಯಿಂದ ತೆಗೆದರು. ಮೆಟ್‌ಫಾರ್ಮಿನ್‌ನಿಂದ ಹೀಗಾಗುವುದು ಬಹಳ ಅಪರೂಪ.

ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್, ಅಂದರೆ ಕಿಡ್ನಿಯ ರಕ್ತಪರೀಕ್ಷೆ, ಮಾಡಿಸಿ. ಕಿಡ್ನಿಯ ಸೋಸುವ ಲೆಕ್ಕ, ಇಜಿಎಫ್‌ಆರ್ ಅನ್ನುತ್ತಾರಲ್ಲ, 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಕೊಡುವುದಿಲ್ಲ. 45ಕ್ಕಿಂತ ಕೆಳಗೆ ಬಂದರೆ ಹುಷಾರು. ವಾಂತಿಭೇದಿ, ಜೋರು ಜ್ವರ ಬಂದು ಊಟ ನೀರು ಸೇರದಿದ್ದಾಗ ಡಾಕ್ಟ್ರಿಗೆ ಫೋನ್ ಮಾಡಿ ಆ ನಾಲ್ಕು ದಿನ ನಿಲ್ಲಿಸಬೇಕಾ ಕೇಳಿ. ನಿಲ್ಲಿಸುವುದು ಆಗ, ವಾಟ್ಸಾಪ್ ಬಂದಾಗ ಅಲ್ಲ.

ಓಟಗಾರಣ್ಣ, ನಿಮ್ಮ ಅಪ್ಪನಿಗೂ ಈಗ ನಿಲ್ಲಿಸಿರುತ್ತಾರೆ. ಕ್ರಿಯಾಟಿನಿನ್ ಎಷ್ಟು ಅಂತ ತಿಳಿದುಕೊಳ್ಳಿ.

ಇನ್ನೊಬ್ಬರು ಮೆಸೇಜ್ ಮಾಡಿ, ಹುಳಿ ಏರಿದೆ ಅಂದರೆ ಸೋಡಾ ಬೈಕಾರ್ಬ್ ಹಾಕಿದರೆ ಸರಿಹೋಗಲ್ವಾ ಅಂತ ಕೇಳಿದ್ದಾರೆ. ಹಿಂದೆ ಕೈಬಿಚ್ಚಿ ಹಾಕುತ್ತಿದ್ದೆವು. ರಿಪೋರ್ಟ್ ಚೆಂದ ಆಗುತ್ತಿತ್ತು, ಪೇಷಂಟ್ ಆಗುತ್ತಿರಲಿಲ್ಲ. ಈಗ ಹುಳಿ ತೀರಾ ಏರಿ ಪಿಎಚ್ 7.2ಕ್ಕೆ ಇಳಿದು ಕಿಡ್ನಿಯೂ ಕೈಕೊಟ್ಟಿದ್ದರೆ ಮಾತ್ರ ಯೋಚಿಸುತ್ತೇವೆ.


ತೊಟ್ಟಿಲು – ಸಂಜೆ 6:05

ನಾನು ಮಕ್ಕಳ ವಾರ್ಡಿನ ನರ್ಸ್. ದೊಡ್ಡವರ ಮಾತಿನ ನಡುವೆ ಒಂದು ಹೇಳಿಬಿಡುತ್ತೇನೆ, ಯಾಕೆಂದರೆ ಇದು ಮನೆಯಲ್ಲೇ ತಪ್ಪಿಸಬಹುದಾದದ್ದು.

ಮೇಷ್ಟ್ರು ಹೇಳಿದ ಪೈರುವೇಟ್ ಮುಂದೆ ಮೈಟೊಕಾಂಡ್ರಿಯಾದೊಳಗೆ ಹೋಗಿ ಉರಿಯಬೇಕಾದರೆ ಬಿ1 ವಿಟಮಿನ್, ಅಂದರೆ ಥಯಾಮಿನ್ ಬೇಕೇ ಬೇಕು. ಇಲ್ಲದಿದ್ದರೆ ಬಾಗಿಲು ಮುಚ್ಚಿದ ಹಾಗೆ, ಆಮ್ಲಜನಕ ಎಷ್ಟಿದ್ದರೂ ಎಲ್ಲ ಲ್ಯಾಕ್ಟೇಟ್ ಕಡೆಗೆ ತಿರುಗುತ್ತದೆ. ಎರಡು ಮೂರು ತಿಂಗಳ ಕೂಸು, ಬರೀ ಎದೆಹಾಲು, ತೂಕ ಚೆನ್ನಾಗಿಯೇ ಇರುತ್ತದೆ. ಇದ್ದಕ್ಕಿದ್ದ ಹಾಗೆ ಹಾಲು ಬಿಡುತ್ತದೆ, ಅಳುತ್ತದೆ ಆದರೆ ಗಂಟಲು ಕೂತು ದನಿ ಬರುವುದಿಲ್ಲ, ಉಸಿರು ಎಳೆಯುತ್ತದೆ. ಲ್ಯಾಕ್ಟೇಟ್ ನೋಡಿದರೆ ಹತ್ತರ ಮೇಲೆ. ಸೋಂಕು ಅಂತ ಹುಡುಕುತ್ತಾ ಕೂತರೆ ಕೂಸು ಉಳಿಯುವುದಿಲ್ಲ. ತಾಯಿಯನ್ನು ಊಟ ಏನು ಅಂತ ಕೇಳಿದರೆ ಅನ್ನ, ತುಪ್ಪ, ಮೆಣಸಿನ ಸಾರು. ಬಾಣಂತಿ ಪಥ್ಯ. ಕಾಳು ಬೇಡ ವಾಯು, ತರಕಾರಿ ಬೇಡ ಶೀತ. ಪಾಲಿಶ್ ಅಕ್ಕಿ, ಅದನ್ನೂ ಮೂರು ನೀರಿನಲ್ಲಿ ತೊಳೆದು, ಗಂಜಿ ಬಸಿದು. ಇದ್ದಬದ್ದ ಬಿ1 ಚರಂಡಿಗೆ.

ಥಯಾಮಿನ್ ಇಂಜೆಕ್ಷನ್ ಕೊಟ್ಟು ಕೆಲವೇ ಗಂಟೆಗಳಲ್ಲಿ ಅದೇ ಕೂಸು ಮೊಲೆಗೆ ಬಾಯಿ ಹಾಕುವುದನ್ನು ನಾನೇ ನೋಡಿದ್ದೇನೆ. ಕಾಶ್ಮೀರದ ವೈದ್ಯರು ಇದರ ಬಗ್ಗೆ ಬಹಳ ಬರೆದಿದ್ದಾರೆ, ನಮ್ಮ ಕರ್ನಾಟಕದ ಮಕ್ಕಳ ವೈದ್ಯರೂ ಬರೆದಿದ್ದಾರೆ. ಅಜ್ಜಿಯರಿಗೆ ಎದುರು ಮಾತಾಡುವುದು ಕಷ್ಟ, ಗೊತ್ತು. ಬಾಣಂತಿಗೆ ಹೆಸರುಕಾಳು, ರಾಗಿ ಕೊಡಿ, ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದಿದ್ದರೆ ನುಂಗಿಸಿ. ಅತಿಯಾಗಿ ಕುಡಿಯುವ ಗಂಡಸರಿಗೂ ಇದೇ ಕೊರತೆ, ಅದು ಬೇರೆ ಕಥೆ.


ಬೆಣ್ಣೆನಗರಿ ಮಗಳು – ಸಂಜೆ 6:20

ಮೇಡಂ, ನನ್ನ ತಂಗಿಗೆ ಹೆರಿಗೆಯಾಗಿ ಈಗ ಒಂದೂವರೆ ತಿಂಗಳು. ಇದನ್ನು ಓದಿದ ತಕ್ಷಣ ಫೋನ್ ಮಾಡಿದೆ. ಅನ್ನ ಸಾರೇ ಅಂತೆ. ನಾಳೆಯೇ ಹೋಗುತ್ತಿದ್ದೇನೆ. ಇನ್ನೊಂದು ದಡ್ಡ ಪ್ರಶ್ನೆ, ಮೊಸರಿನಲ್ಲಿ ಇದೇ ಆಮ್ಲ ಅಂದರಲ್ಲ ಮೇಷ್ಟ್ರು, ಕಾಯಿಲೆಯವರು ಮೊಸರು ತಿಂದರೆ ಏರುತ್ತದಾ?


ಬೂದು ಮುಚ್ಚಳ – ಸಂಜೆ 6:48

ದಡ್ಡ ಪ್ರಶ್ನೆ ಅಲ್ಲ. ಏರುವುದಿಲ್ಲ. ಒಂದು ಬಟ್ಟಲು ಮೊಸರಿನ ಆಮ್ಲವನ್ನು ಲಿವರ್ ಲೆಕ್ಕಕ್ಕೇ ಇಡುವುದಿಲ್ಲ. ಲ್ಯಾಕ್ಟೇಟ್ ಎಡಗೈ ಬಲಗೈ ಥರ ಎರಡು ರೂಪದಲ್ಲಿರುತ್ತದೆ, ನಮ್ಮ ಮೈ ಮಾಡುವುದು ಎಲ್, ಕೆಲವು ಬ್ಯಾಕ್ಟೀರಿಯಾ ಡಿ ರೂಪವನ್ನೂ ಮಾಡುತ್ತವೆ. ಆಪರೇಷನ್ ಆಗಿ ಸಣ್ಣ ಕರುಳು ಬಹುಪಾಲು ಕಳೆದುಕೊಂಡವರಿಗೆ ಮಾತ್ರ, ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾ ಡಿ ಲ್ಯಾಕ್ಟೇಟ್ ತಯಾರಿಸಿ, ಊಟವಾದ ಮೇಲೆ ಕುಡಿದವರ ಹಾಗೆ ತೊದಲುತ್ತಾರೆ. ನಮ್ಮ ಮಾಮೂಲು ಟೆಸ್ಟಿಗೆ ಅದು ಕಾಣುವುದೇ ಇಲ್ಲ, ರಿಪೋರ್ಟ್ ನಾರ್ಮಲ್ ಅಂತ ಬರುತ್ತದೆ.


ಕೆರೆಏರಿ ಓಟಗಾರ – ರಾತ್ರಿ 9:30

ಈಗಷ್ಟೇ ಒಳಗೆ ಬಿಟ್ಟಿದ್ದರು. ಮಧ್ಯಾಹ್ನ 3.6, ರಾತ್ರಿ ಎಂಟಕ್ಕೆ 3.4. ಮಧ್ಯಾಹ್ನದಿಂದ ಅಲ್ಲೇ ನಿಂತ ಹಾಗಿದೆ, ಇದು ಕೆಟ್ಟದ್ದಾ? ಕ್ರಿಯಾಟಿನಿನ್ 1.9 ಅಂತೆ. ಅಪ್ಪ ಗುರುತು ಹಿಡಿದರು. ಬಸ್ಸಿನ ವಿಷಯ ಎತ್ತಲಿಲ್ಲ.


ರಾತ್ರಿಪಾಳಿ – ರಾತ್ರಿ 10:15

ಗುರುತು ಹಿಡಿದರು ಅಂದಿರಲ್ಲ, ನನಗೆ 3.4ಕ್ಕಿಂತ ಅದು ಮುಖ್ಯ.

ಮೊದಲ ಅಂಕಿಗಿಂತ ಅದು ಎತ್ತ ಕಡೆ ಹೋಗುತ್ತಿದೆ ಅನ್ನುವುದನ್ನು ನೋಡುತ್ತೇವೆ, ಅದಕ್ಕೇ ಕೆಲವು ಗಂಟೆಗೊಮ್ಮೆ ಮತ್ತೆ ತೆಗೆಯುವುದು. 5.8ರಿಂದ 3.4 ಒಳ್ಳೆಯ ದಾರಿ. ಕೊನೆಯ ಹಂತ ನಿಧಾನ ಆಗುತ್ತದೆ, ಲಿವರ್ ಇನ್ನೂ ಪೂರ್ತಿ ಎದ್ದು ಕೂತಿಲ್ಲ, ಕಿಡ್ನಿಯೂ ಸ್ವಲ್ಪ ಮುನಿಸಿಕೊಂಡಿದೆ. ಈ ಅಂಕಿಯನ್ನು 2ಕ್ಕೆ ಇಳಿಸಲೇಬೇಕು ಅಂತ ಬಾಟಲಿ ಮೇಲೆ ಬಾಟಲಿ ಏರಿಸಿ ಶ್ವಾಸಕೋಶದಲ್ಲಿ ನೀರು ತುಂಬಿಸಿದ ಕಾಲ ಇತ್ತು, ನಾನೂ ಮಾಡಿದ್ದೇನೆ. 2019ರಲ್ಲಿ ದಕ್ಷಿಣ ಅಮೆರಿಕದ ಐದು ದೇಶಗಳ ಆಸ್ಪತ್ರೆಗಳು ಸೇರಿ 424 ಜನರ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು, ಆಂಡ್ರೊಮೆಡಾ ಶಾಕ್ ಅಂತ. ಅರ್ಧ ಜನಕ್ಕೆ ಲ್ಯಾಕ್ಟೇಟ್ ನೋಡಿ ಚಿಕಿತ್ಸೆ, ಇನ್ನರ್ಧಕ್ಕೆ ಬೆರಳಿನ ಬಣ್ಣ ನೋಡಿ. ಬೆರಳಿನ ತುದಿಯನ್ನು ಗಾಜಿನ ಪಟ್ಟಿಯಿಂದ ಹತ್ತು ಸೆಕೆಂಡ್ ಒತ್ತಿ ಬಿಡುವುದು, ಮೂರು ಸೆಕೆಂಡಿನೊಳಗೆ ಕೆಂಪು ಮರಳಿತಾ ನೋಡುವುದು. 28 ದಿನದಲ್ಲಿ ಬೆರಳು ನೋಡಿದ ಗುಂಪಿನಲ್ಲಿ ನೂರಕ್ಕೆ 34.9 ಸಾವು, ಲ್ಯಾಕ್ಟೇಟ್ ಗುಂಪಿನಲ್ಲಿ 43.4. ಇದು ಆಕಸ್ಮಿಕ ಅಲ್ಲ ಅನ್ನಲು ಬೇಕಾದ ಸಂಖ್ಯಾಶಾಸ್ತ್ರದ ಗೆರೆ ಕೂದಲೆಳೆಯಲ್ಲಿ ತಪ್ಪಿತು, ಅದಕ್ಕೆ ಗೆದ್ದಿತು ಅನ್ನುವ ಹಾಗಿಲ್ಲ. ಆದರೆ ಸೋತಿಲ್ಲ, ಖರ್ಚೂ ಇಲ್ಲ. ಅವತ್ತಿನಿಂದ ನಾನು ಮಿಷನ್ ಕಡೆ ಹೋಗುವ ಮೊದಲು ಪೇಷಂಟಿನ ಕೈ ಹಿಡಿಯುತ್ತೇನೆ.

ಈಗ ಮನೆಗೆ ಹೋಗಿ ಮಲಗಿ. ನೀವೂ ಬಿದ್ದರೆ ಅಲ್ಲಿ ಓಡಾಡುವವರು ಯಾರು?


ಕೆರೆಏರಿ ಓಟಗಾರ – ಮಾರನೇ ದಿನ, ಬೆಳಿಗ್ಗೆ 10:40

1.7. ನಾರ್‌ಅಡ್ರಿನಲಿನ್ ಬೆಳಿಗ್ಗೆ ಆರಕ್ಕೆ ನಿಲ್ಲಿಸಿದರಂತೆ. ಕ್ರಿಯಾಟಿನಿನ್ 1.6, ಇಳಿಯುತ್ತಿದೆ. ಸದ್ಯಕ್ಕೆ ಇನ್ಸುಲಿನ್, ಮೆಟ್‌ಫಾರ್ಮಿನ್ ವಿಷಯ ಡಿಸ್ಚಾರ್ಜ್ ಹೊತ್ತಿಗೆ ನೋಡೋಣ ಅಂದರು. ಈ ಸಲದ "ನೋಡೋಣ" ಅಷ್ಟು ಭಯ ಆಗಲಿಲ್ಲ.

ಗಾಜಿನ ಪಟ್ಟಿ ಎಲ್ಲಿಂದ ತರಲಿ, ಅಪ್ಪನ ತೋರುಬೆರಳನ್ನು ನನ್ನ ಹೆಬ್ಬೆರಳಿನಿಂದಲೇ ಹತ್ತು ಎಣಿಸುವವರೆಗೆ ಒತ್ತಿ ಬಿಟ್ಟೆ. ಬೆಳ್ಳಗಾಗಿ, ಒಂದು, ಎರಡು ಅನ್ನುವಷ್ಟರಲ್ಲಿ ಕೆಂಪು ತುಂಬಿಕೊಂಡಿತು. ಇದೇನು ಶಾಸ್ತ್ರ ಕಲಿಯುತ್ತಿದ್ದೀಯಾ ಅಂತ ಕೇಳಿದರು. ಆಮೇಲೆ ಸಿಸ್ಟರ್ ಕಡೆ ತಿರುಗಿ, ಮಧ್ಯಾಹ್ನಕ್ಕೆ ಮೊಸರನ್ನ ಸಿಗುತ್ತದಾ ಅಂದರು.